ನನ್ನನ್ನು ಗೋಣಿ ಹೊದಿಸಿ ಬಚ್ಚಿಟ್ಟ ಭಾನುವಾರ

ನೋಡಿ ಸ್ವಾಮಿ, ಮೊದಲೇ ಹೇಳಿಬಿಡುತ್ತೇನೆ. ಈ ಮಂಡ್ಯದಲ್ಲಿ ಕುರ್ಚಿಗಳು ಬೇಕಾದಷ್ಟಿವೆ. ಲೀಡರುಗಳ ಕುರ್ಚಿ, ಸಾಹೇಬರ ಕುರ್ಚಿ, ಮದುವೆ ಮಂಟಪಕ್ಕೆ ಬಾಡಿಗೆಗೆ ಬರುವ ಕೆಂಪು ವೆಲ್ವೆಟ್ಟಿನ ಮಹಾರಾಜ ಕುರ್ಚಿ. ಅವೆಲ್ಲ ನನ್ನ ಮುಂದೆ ಸೈಡ್ ಆಕ್ಟರುಗಳು. ಹೀರೋ ಒಬ್ಬನೇ, ಅದು ನಾನು. ತುಂಬಿದ ಹಾಲ್‌ನಲ್ಲಿ ಗಂಡಿನ ಕಡೆಯವರು ಬೋಂಡ ಬಾಯಿಗಿಡುತ್ತಿದ್ದಾಗ, ರಾಹುಕಾಲಕ್ಕೂ ಹೆದರದೆ, ಮಹಡಿ ಮೆಟ್ಟಿಲನ್ನು ಗಡಗಡ ಇಳಿದು ಎಂಟ್ರಿ ಕೊಟ್ಟು ಒಬ್ಬ ಮುದುಕನ ಮಾನ ಉಳಿಸಿದ ಕುರ್ಚಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಸೋಫಾ ಮೇಲೆ ಒಂದು ಹನಿ ಬೀಳಲು ಬಿಡಲಿಲ್ಲ. ಬಂಡೆಯಂತೆ ನಿಂತೆ. ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಒಂದು ಇರಲಿಲ್ಲ, ಅಷ್ಟೇ ಕೊರತೆ.

ನಾನು ಒಂದು ಕಮೋಡ್ ಕುರ್ಚಿ. ಮೂಗು ಮುಚ್ಚಿಕೊಂಡಿರಾ? ಮುಚ್ಚಿಕೊಳ್ಳಿ. ನಿಮಗೂ ಒಂದು ದಿನ ವಯಸ್ಸಾಗುತ್ತದೆ, ಆಗ ಮಾತಾಡೋಣ.

ನಾನು ಹುಟ್ಟಿದ್ದು ಮೈಸೂರಿನ ಒಂದು ಶೆಡ್ಡಿನಲ್ಲಿ. ನನ್ನನ್ನು ಬೆಸೆದವನು ದಸ್ತಗೀರ್ ಎಂಬ ವೆಲ್ಡರ್. ಅವನಿಗೆ ಸಿನಿಮಾ ಹುಚ್ಚು. ಕಪ್ಪು ಕನ್ನಡಕ ಹಾಕಿ, ಕಿಡಿ ಹಾರಿಸುತ್ತಾ, ಪೈಪಿಗೇ ಡೈಲಾಗ್ ಹೊಡೆಯುತ್ತಿದ್ದ. "ಲೇ, ನಿನ್ನ ನಾಲ್ಕು ಕಾಲು ನೆಲದ ಮ್ಯಾಲೆ ಇರೋ ತನಕ ಯಾವನ್ನೂ ಬೀಳಕ್ಕೆ ಬಿಡಬಾರದು, ಗೊತ್ತಾಯ್ತೇನ್ಲಾ?" ಎಂದು ನನ್ನ ಬೆನ್ನಿಗೆ ಒಂದು ಪೆಟ್ಟು ಕೊಟ್ಟು ಪಕ್ಕಕ್ಕಿಟ್ಟ. ಆ ಪೆಟ್ಟೇ ನನ್ನ ನಾಮಕರಣ. ಬೂದು ಬಣ್ಣ ಬಳಿದರು. ಕೆಳಗೆ ನಾಲ್ಕು ಚಕ್ರ, ಹಿಂದಿನ ಎರಡಕ್ಕೆ ಬ್ರೇಕು. ಮೇಲೆ ಕಪ್ಪು ರೆಕ್ಸಿನ್ನಿನ ಮೆತ್ತೆ, ಮೆತ್ತೆಯ ನಡುವೆ ತೂತು, ತೂತಿನ ಕೆಳಗೆ ಎಳೆದು ತೆಗೆಯುವ ಪ್ಲಾಸ್ಟಿಕ್ ಬೋಗುಣಿ. ಸಿಂಹಾಸನಕ್ಕೆ ಇದಕ್ಕಿಂತ ಇನ್ನೇನು ಬೇಕು?

ಆಮೇಲೆ ಮಂಡ್ಯದ ಒಂದು ದೊಡ್ಡ ಮೆಡಿಕಲ್ ಸ್ಟೋರಿನ ಮುಂದೆ ನಿಂತೆ. ಪಕ್ಕದಲ್ಲಿ ವಾಕರುಗಳು, ಊರುಗೋಲುಗಳು. ಅವನ್ನು ಜನ ಎತ್ತಿ ನೋಡುತ್ತಿದ್ದರು, ಬೆಲೆ ಕೇಳುತ್ತಿದ್ದರು. ನನ್ನ ಕಡೆ ತಿರುಗಿದ ಕಣ್ಣು ಹಾಗೇ ಜಾರಿ ಆಚೆ ಹೋಗುತ್ತಿತ್ತು. ಕೊನೆಗೆ ಒಬ್ಬ ಬಂದ. ಅಂಗಡಿಯವನ ಕಿವಿಯ ಹತ್ತಿರ ಬಾಯಿಟ್ಟು, "ಅದು... ಅದೇನಿದೆಯಲ್ಲ... ಅದು ಬೇಕಿತ್ತು" ಎಂದ. ಕದ್ದ ಮಾಲು ಕೊಳ್ಳುವವರೂ ಅಷ್ಟು ಮೆತ್ತಗೆ ಕೇಳುವುದಿಲ್ಲ. ಅಂದಿನಿಂದ ಇಂದಿನವರೆಗೂ ನನ್ನ ಹೆಸರು 'ಅದು'.

ಅವನು ನನ್ನನ್ನು ಕೊಂಡದ್ದು ತನ್ನ ತಂದೆಗೆ. ಆ ತಂದೆ ರಿಟೈರಾದ ತಹಶೀಲ್ದಾರರು. ನನ್ನನ್ನು ಕಂಡ ಕೂಡಲೇ ಕಣ್ಣು ಕೆಂಪು ಮಾಡಿದರು. "ನಾನಿನ್ನೂ ಸತ್ತಿಲ್ಲ. ಮೊದ್ಲು ಅದನ್ನ ಆಚೆ ಹಾಕು." ಮಗ ನನ್ನ ಮೇಲೆ ಹೂವಿನ ಬೆಡ್‌ಶೀಟ್ ಹೊದಿಸಿ ಮೂಲೆಗಿಟ್ಟ. ನನ್ನ ಮೇಲೆ ಪೇಪರು ಪೇರಿಸಿದರು, ರೇಡಿಯೋ ಇಟ್ಟರು, ಇಸ್ತ್ರಿ ಬಟ್ಟೆ ಇಟ್ಟರು. ಸಾಹೇಬರು ಒಂದು ದಿನವೂ ಕೂರಲಿಲ್ಲ. ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಆಸ್ಪತ್ರೆಗೆ ಹೋದವರು ವಾಪಸ್ಸು ಬರಲಿಲ್ಲ. ಹತ್ತು ಹೆಜ್ಜೆ ಆಚೆ ನಾನಿದ್ದೆ ಸ್ವಾಮಿ! ಮೇಲೆ ರೇಡಿಯೋ ಹೊತ್ತುಕೊಂಡು! ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ತಿಥಿ ಮುಗಿದ ಮೇಲೆ ಅಪಶಕುನವೆಂದು ನನ್ನನ್ನು ಕಾಂಪೌಂಡಿನ ಹೊರಗಿಟ್ಟರು. ಕೂರಿಸಿಕೊಳ್ಳದ ಕುರ್ಚಿ ಯಾವ ಲೆಕ್ಕದಲ್ಲಿ ಅಪಶಕುನ ಆಗುತ್ತದೋ ಆ ದೇವರೇ ಹೇಳಬೇಕು.

ಅಲ್ಲಿಂದ ನನ್ನನ್ನು ಕರೆದುಕೊಂಡು ಹೋದವಳು ಸುಕನ್ಯ. ಹಿಂದಿನ ಬೀದಿಯ ಹುಡುಗಿ. ಹುಡುಗಿ ಎಂದರೆ ಮೂವತ್ತು ದಾಟಿದವಳು. ಗೇಟಿನ ಹತ್ತಿರ ನಿಂತು ಗಟ್ಟಿಯಾಗಿಯೇ ಕೇಳಿದಳು: "ಈ ಕಮೋಡ್ ಚೇರು ಬೇಡ್ವಾ? ನಮ್ಮಪ್ಪಂಗೆ ಬೇಕಿತ್ತು." ಹುಟ್ಟಿದ ಮೇಲೆ ಮೊದಲ ಸಲ ಯಾರೋ ನನ್ನ ಪೂರ್ತಿ ಹೆಸರು ಹೇಳಿದ್ದರು. ಹಗಲು ಹೊತ್ತಿನಲ್ಲೇ ನನ್ನನ್ನು ಬೀದಿಯಲ್ಲಿ ತಳ್ಳಿಕೊಂಡು ಹೊರಟಳು. ನನ್ನ ಚಕ್ರಗಳ ಸದ್ದಿಗೆ ಎಲ್ಲ ಮನೆಯ ಕಿಟಕಿಗಳಲ್ಲೂ ತಲೆಗಳು ಕಾಣಿಸಿಕೊಂಡವು. ಅವಳು ಒಂದು ತಲೆಗೂ ಉತ್ತರ ಕೊಡಲಿಲ್ಲ. ಮನೆಗೆ ಹೋಗಿ ಬಿಸಿನೀರು, ಸೋಪು ಹಾಕಿ ತಿಕ್ಕಿ, ಬಿಸಿಲಲ್ಲಿ ನಿಲ್ಲಿಸಿದಳು.

ಅವಳ ಅಪ್ಪ ಬೋರಲಿಂಗಯ್ಯ. ಒಂದು ಕಾಲದಲ್ಲಿ ಟಾಕೀಸಿನ ಗೇಟ್‌ಕೀಪರ್. ಕತ್ತಲಲ್ಲಿ ಟಾರ್ಚು ಬಿಟ್ಟು ಊರಿಗೆಲ್ಲ ಸೀಟು ತೋರಿಸಿದ ಮನುಷ್ಯ. ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಮನೆಯ ಕಕ್ಕಸು ಹಿಂದಿನ ಅಂಗಳದಲ್ಲಿ, ಎರಡು ಮೆಟ್ಟಿಲ ಮೇಲೆ. ಅಲ್ಲಿ ಕುಕ್ಕರಗಾಲಲ್ಲಿ ಕೂರುವುದು ಅವರಿಂದ ಆಗದ ಮಾತು. ನಾನು ಹೋದ ದಿನ ನನ್ನ ಮೇಲೆ ಕುಳಿತು, ಕೆಲಸ ಮುಗಿಸಿ, ಎಡಗೈಯಿಂದ ನನ್ನ ತೋಳು ತಟ್ಟಿದರು. ಸಿಂಹಾಸನ ಏರಿದ ರಾಜರೂ ಅಷ್ಟು ನೆಮ್ಮದಿಯಾಗಿ ಉಸಿರು ಬಿಟ್ಟಿರಲಾರರು.

ಮಾತಿಲ್ಲದ ಬೋರಲಿಂಗಯ್ಯನವರಿಗೆ ಒಂದೇ ಸನ್ನೆ. ಎಡಗೈಯ ಕಿರುಬೆರಳು ಎತ್ತುವುದು. ಶಾಲೆಯಲ್ಲಿ ಮಕ್ಕಳು ಮೇಷ್ಟ್ರಿಗೆ ತೋರಿಸುತ್ತಾರಲ್ಲ, ಅದೇ. ಬೆರಳು ಎದ್ದಿತು ಎಂದರೆ ಸುಕನ್ಯ ಹೊಲಿಗೆ ಮಿಷನ್ನಿನಿಂದ ಎದ್ದು ಬರುತ್ತಿದ್ದಳು. ಮೊದಲು ಪೇಟೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿಗೆ ಹೋಗುತ್ತಿದ್ದವಳು ಅಪ್ಪನಿಗಾಗಿ ಅದನ್ನು ಬಿಟ್ಟು, ಮಿಷನ್ನನ್ನು ನನ್ನ ಪಕ್ಕಕ್ಕೆ ತಂದುಕೊಂಡಿದ್ದಳು. ಬಂದು ಮೊದಲು ನನ್ನ ಬ್ರೇಕು ಒತ್ತುವಳು. ಅಪ್ಪನ ಎಡಗೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು, ಮೊಣಕಾಲು ಬಗ್ಗಿಸಿ, "ಹೂಂ, ಏಳಪ್ಪ" ಎಂದು ಎತ್ತುವಳು. ಎತ್ತುವಾಗ ಅವಳ ಸೊಂಟದಲ್ಲಿ ಏನೋ ಕಟಕ್ ಎನ್ನುತ್ತಿತ್ತು. ಅದು ನನಗೆ ಕೇಳಿಸುತ್ತಿತ್ತು. ಇಡೀ ಮನೆಯಲ್ಲಿ ಇನ್ನು ಯಾರಿಗೂ ಕೇಳಿಸುತ್ತಿರಲಿಲ್ಲ.

ಇನ್ನು ಯಾರಿಗೂ ಎಂದರೆ ಯಾರಿಗೆ? ಅವಳ ಅಣ್ಣ ನಿಂಗರಾಜನಿಗೆ. ಅವನೇನು ದೂರದೂರಿನಲ್ಲಿದ್ದನೇ? ಇದೇ ಮನೆಯ ಮಹಡಿ ಮೇಲೆ ಹೆಂಡತಿಯ ಜೊತೆ ಇದ್ದ. ನೀರಾವರಿ ಆಫೀಸಿನಲ್ಲಿ ಗುಮಾಸ್ತ. ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಬಾಗಿಲಲ್ಲೇ ನಿಂತು, "ಅಪ್ಪ, ಹುಷಾರಾ?" ಎನ್ನುವನು. ಉತ್ತರ ಹೇಳಲಾರದವರನ್ನು ಪ್ರಶ್ನೆ ಕೇಳುವುದು ಎಷ್ಟು ಸುಲಭ! ಒಮ್ಮೆ ಅಪ್ಪಂದಿರ ದಿನವೆಂದು ಕೆಳಗೆ ಬಂದು, ಬೋರಲಿಂಗಯ್ಯನವರ ಪಾದ ಮುಟ್ಟಿ ಫೋಟೋ ತೆಗೆಸಿಕೊಂಡ. 'ಅಪ್ಪನೇ ನನ್ನ ದೇವರು' ಎಂದು ಸ್ಟೇಟಸ್ ಹಾಕಿದ. ಫೋಟೋದಲ್ಲಿ ನಾನೂ ಬಿದ್ದಿದ್ದೆ. ನನ್ನನ್ನು ಕತ್ತರಿಸಿದ. ಪಕ್ಕದಲ್ಲಿ ಬೋಗುಣಿ ಹಿಡಿದು ನಿಂತಿದ್ದ ತಂಗಿಯನ್ನೂ ಕತ್ತರಿಸಿದ. ವಿಲನ್ ಎಂದರೆ ಮೀಸೆ ತಿರುವಿ, ಜೀಪಿನಲ್ಲಿ ಬರುತ್ತಾನೆ ಎಂದುಕೊಂಡಿದ್ದೆ. ಇಸ್ತ್ರಿ ಶರ್ಟು ಹಾಕಿಕೊಂಡು, ಮೆಟ್ಟಿಲು ಇಳಿದು, "ಹುಷಾರಾ?" ಎಂದು ಕೇಳಿಕೊಂಡೂ ಬರುತ್ತಾನೆ.

ನೋಡಲು ಬರುವ ನೆಂಟರದು ಇನ್ನೊಂದು ಪಿಕ್ಚರ್. ಕೈಯಲ್ಲಿ ಮೂಸಂಬಿ, ಬಾಯಲ್ಲಿ ಸಲಹೆ. ಬೆನ್ನಿಗೆ ಪೌಡರ್ ಹಾಕು, ಮಗ್ಗುಲು ಬದಲಾಯಿಸು, ರಾಗಿ ಗಂಜಿ ಕೊಡು, ರಾಗಿ ಗಂಜಿ ಕೊಡಬೇಡ. ಅವರೆಲ್ಲರಿಗೂ ಕಾಫಿ ಮಾಡುವವಳು ಸುಕನ್ಯ. ಬೋರಲಿಂಗಯ್ಯನವರ ತಂಗಿ ದೊಡ್ಡತಾಯಮ್ಮ ತಿಂಗಳಿಗೊಮ್ಮೆ ಬಂದು ಸುಕನ್ಯಳ ಗಲ್ಲ ಹಿಡಿದು ಹೇಳುತ್ತಿದ್ದರು: "ನೀನು ದೇವತೆ ಕಣವ್ವ. ನಿನ್ನಂಥ ಮಗಳ್ನ ಪಡೀಬೇಕಾದ್ರೆ ನಮ್ಮಣ್ಣ ಏಳು ಜನ್ಮದ ಪುಣ್ಯ ಮಾಡಿದ್ದ."

"ಹಂಗಾದ್ರೆ ಅತ್ತೆ, ಒಂದ್ ವಾರ ಇಲ್ಲೇ ಇದ್ದು ನೋಡ್ಕೊತೀರಾ? ಸೊಂಟ ತೋರಿಸ್ಕೊಂಡು, ಅಲುಗಾಡ್ದಂಗೆ ಮಲಗ್ಬೇಕು ಅಂತ ಡಾಕ್ಟ್ರು ಹೇಳವ್ರೆ."

ಆಗಲೇ ಬೋರಲಿಂಗಯ್ಯನವರ ಕಿರುಬೆರಳು ಎದ್ದಿತು. ದೊಡ್ಡತಾಯಮ್ಮ ಚೀಲ ಎತ್ತಿಕೊಂಡರು. "ಅಯ್ಯೋ, ಬಸ್ಸಿಗೆ ಹೊತ್ತಾಯ್ತು ಕಣವ್ವ!"

ದೇವತೆ ಎಂದು ಕರೆಯುವುದರ ಲಾಭ ನನಗೆ ಅವತ್ತು ಗೊತ್ತಾಯಿತು. ದೇವತೆಗೆ ಸೊಂಟ ನೋಯುವ ಹಾಗಿಲ್ಲ. ರಜೆ ಕೇಳುವ ಹಾಗಿಲ್ಲ. ಕೈ ಮುಗಿದರೆ ಭಕ್ತರ ಕೆಲಸ ಮುಗಿಯಿತು.

ಅದೇ ದೊಡ್ಡತಾಯಮ್ಮ ಒಂದು ದಿನ ಗಂಡು ಹುಡುಕಿಕೊಂಡು ಬಂದರು. ಮಧುಸೂದನ. ಇದೇ ಊರಿನಲ್ಲಿ ಬ್ಯಾಟರಿ ಅಂಗಡಿ. ಸುಕನ್ಯ ಫೋಟೋ ನೋಡಿದಳು. ಇನ್ನೊಮ್ಮೆ ನೋಡಿದಳು. ಮಿಷನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡು ಬಾಬಿನ್ ತೆಗೆಯುವ ನೆಪದಲ್ಲಿ ಮೂರನೆಯ ಸಲವೂ ನೋಡಿದಳು. ನನಗೇಕೆ ಸುಳ್ಳು, ಅವಳಿಗೆ ಇಷ್ಟವಾಗಿತ್ತು. ಆದರೆ ಅಣ್ಣನಿಗೆ ಒಂದೇ ಮಾತು ಹೇಳಿದಳು.

"ಅಣ್ಣ, ಅಪ್ಪನ ಸ್ಥಿತಿ ಇರೋದು ಇದ್ದಂಗೆ ಅವ್ರಿಗೆ ಹೇಳು. ಮದ್ವೆ ಆದ್ಮೇಲೂ ಬೆಳಗ್ಗೆ ಹೊತ್ತು ನಾನು ಬಂದು ನೋಡ್ಕೊಂಡೋಗ್ತೀನಿ. ಸಾಯಂಕಾಲ ನೀನು ನೋಡ್ಕೊ. ಒಪ್ಪಿದ್ರೆ ಬರ್ಲಿ, ಇಲ್ದಿದ್ರೆ ಬರೋದೇ ಬೇಡ."

"ಎಲ್ಲಾ ಹೇಳಿವ್ನಿ ಕಣವ್ವ. ಒಪ್ಪವ್ರೆ. ನೀನು ಸುಮ್ನೆ ಸೀರೆ ಉಟ್ಕೊಂಡು ರೆಡಿಯಾಗು" ಎಂದ ನಿಂಗರಾಜ.

ಅವನು ಒಂದು ಅಕ್ಷರವನ್ನೂ ಹೇಳಿರಲಿಲ್ಲ.

ಭಾನುವಾರ ಬಂತು. ಸುಕನ್ಯ ಸ್ನಾನಕ್ಕೆ ಹೋದ ಸಮಯ ನೋಡಿ, ನಿಂಗರಾಜ ನನ್ನ ಕೊರಳಪಟ್ಟಿ ಹಿಡಿದ ಹಾಗೆ ಹಿಡಿದು ಎತ್ತಿದ. ಮೂರು ವರ್ಷದಲ್ಲಿ ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಹೊರಗಿನ ಮೆಟ್ಟಿಲು ಹತ್ತಿ, ತಿರುವಿನಲ್ಲಿ ಖಾಲಿ ಸಿಲಿಂಡರಿನ ಪಕ್ಕ ಇಟ್ಟ. ಮೇಲೆ ಗೋಣಿಚೀಲ ಹೊದಿಸಿದ. ಅವನ ಹೆಂಡತಿ ಪವಿತ್ರ ಮೇಲಿಂದ ಕೇಳಿದಳು: "ರೀ, ಮಾವಂಗೆ ಮಧ್ಯದಲ್ಲಿ ಬಂದ್ರೆ?"

"ಬರಲ್ಲ ಸುಮ್ನಿರೆ. ಇವತ್ತು ನಾನೇ ಕೊಡ್ತೀನಿ ಅಂತ ಸುಕನ್ಯಂಗೆ ಹೇಳಿ, ಕಾಫಿ ಕೊಟ್ಟಿಲ್ಲ, ನೀರೂ ಕೊಟ್ಟಿಲ್ಲ. ಹೊತ್ತಾರೆಯಿಂದ ಒಣಗಿಸಿವ್ನಿ."

ಕೇಳಿದಿರಾ? ಒಣಗಿಸಿದ್ದಾನಂತೆ! ಮೆಣಸಿನಕಾಯಿಯೇನೋ ಅದು? ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಟಾಕೀಸಿಗೆ ಹೋಗುತ್ತಿದ್ದ ಅಪ್ಪ ಕಣೋ! ಕೂಗಿದೆ. ಗೋಣಿಯೊಳಗೆ ಕೂಗಿದರೆ ಯಾರಿಗೆ ಕೇಳುತ್ತದೆ?

ಅವನಿಗೆ ಗೊತ್ತಿರಲಿಲ್ಲ, ಆ ತಿರುವಿನಿಂದ ಕೆಳಗಿನ ಹಾಲ್‌ನ ಕಿಟಕಿ ನೇರವಾಗಿ ಕಾಣುತ್ತದೆ. ಗೋಣಿಗೆ ತೂತಿತ್ತು. ನನಗೆ ಬಾಲ್ಕನಿ ಸೀಟು ಸಿಕ್ಕ ಹಾಗಾಯಿತು. ಬೋರಲಿಂಗಯ್ಯನವರಿಗೆ ಬಿಳಿ ಪಂಚೆ, ಬಿಳಿ ಶರ್ಟು. ಮೇಲಿನಿಂದ ಇಳಿಸಿ ತಂದಿದ್ದ ನಿಂಗರಾಜನ ಸೋಫಾ ಮೇಲೆ, ಬಲಗಡೆ ಬೀಳದಂತೆ ದಿಂಬು ಒತ್ತಿ ಕೂರಿಸಿದ್ದರು. ಬೀರುವಿನಲ್ಲಿ ಬೊಂಬೆ ಇಟ್ಟ ಹಾಗೆ.

ಗಂಡಿನ ಕಡೆಯವರು ಬೇಗನೆ ಬಂದುಬಿಟ್ಟರು. ಮಧುಸೂದನ, ಅವನ ಅಪ್ಪ, ಅಮ್ಮ. ಅವರು ಕೂತು ಸ್ವಲ್ಪ ಹೊತ್ತಿಗೇ ರಾಹುಕಾಲ ಹಿಡಿಯಿತು. ಭಾನುವಾರ ನಾಲ್ಕೂವರೆಯಿಂದ ಆರು. ದೊಡ್ಡತಾಯಮ್ಮ ಕಟ್ಟುನಿಟ್ಟು ಮಾಡಿದರು: "ರಾವುಕಾಲ ಕಳೀಲಿ. ಅಲ್ಲೀಗಂಟ ಹುಡುಗಿ ರೂಮಿಂದ ಆಚೆ ಬರಂಗಿಲ್ಲ. ಶುಭಕಾರ್ಯ." ಎಲ್ಲರೂ ತಲೆಯಾಡಿಸಿದರು. ಸುಕನ್ಯ ರೇಷ್ಮೆ ಸೀರೆಯಲ್ಲಿ ಒಳಕೋಣೆಯಲ್ಲಿ ಬಂದಿ. ಹೊರಗೆ ಬೋಂಡ, ಕಾಫಿ, ಮಳೆ, ರಾಜಕೀಯ.

"ಯಜಮಾನ್ರ ಆರೋಗ್ಯ ಹೆಂಗದೆ?" ಎಂದು ಕೇಳಿದರು ಹುಡುಗನ ಅಪ್ಪ.

"ಫಸ್ಟ್ ಕ್ಲಾಸು ಸಾರ್! ಬೆಳಗ್ಗೆ ಎದ್ದು ವಾಕಿಂಗ್ ಹೋಯ್ತಾರೆ. ಎಲ್ಡು ದಿನದಿಂದ ಗಂಟ್ಲು ಕಟ್ಟದೆ, ಅದ್ಕೇ ಮಾತಾಡ್ತಿಲ್ಲ" ಎಂದ ನಿಂಗರಾಜ.

ಆಗ ಬೋರಲಿಂಗಯ್ಯನವರ ಎಡಗೈ ಮೆಲ್ಲನೆ ಎದ್ದಿತು. ಕಿರುಬೆರಳು.

ನಿಂಗರಾಜ ನಗುನಗುತ್ತಲೇ ಆ ಕೈಯನ್ನು ಹಿಡಿದು ತೊಡೆಯ ಮೇಲೆ ಅದುಮಿದ. ಬೆರಳು ಮತ್ತೆ ಎದ್ದಿತು. ಮತ್ತೆ ಅದುಮಿದ. ಹುಡುಗನ ಅಪ್ಪ ನೋಡಿದರು, ಅಮ್ಮ ನೋಡಿದರು, ಮಧುಸೂದನ ನೋಡಿದ. ದೊಡ್ಡತಾಯಮ್ಮನಂತೂ ನೋಡಿ ನೋಡಿ ಕಾಫಿ ಲೋಟದೊಳಗೇ ಇಳಿದುಬಿಟ್ಟರು. ಒಂದನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಬೆರಳು ಅದು! ಆ ಹಾಲ್‌ನಲ್ಲಿ ಒಬ್ಬರಿಗೂ ಅರ್ಥವಾಗಲಿಲ್ಲವಂತೆ.

ಸುಕನ್ಯ ಬಾಗಿಲ ಸಂದಿಯಿಂದ ಕರೆದಳು. "ಅಣ್ಣ... ಅಣ್ಣ... ಅಪ್ಪನ್ನ ಒಳಕ್ಕೆ ಕರ್ಕೊಂಡ್ ಬಾ."

"ಆರು ಗಂಟೆಗೆ ಕಣವ್ವ. ಇನ್ನೊಂಚೂರು ಹೊತ್ತು" ಎಂದು ಹಲ್ಲು ಕಚ್ಚಿಕೊಂಡೇ ಹೇಳಿದ.

ಸೀರೆಯ ಗಡಿಬಿಡಿಯಲ್ಲಿ ಅಲ್ಲಿಯತನಕ ಗಮನಿಸಿರದ ಅವಳು ಈಗ ತಿರುಗಿ, ಮಿಷನ್ನಿನ ಪಕ್ಕ ನಾನು ದಿನಾ ಇರುವ ಮೂಲೆ ನೋಡಿದಳು. ನಾನಿರಲಿಲ್ಲ. ಅವಳಿಗೆ ಎಲ್ಲವೂ ಅರ್ಥವಾಗಿದ್ದು ಆಗಲೇ ಇರಬೇಕು.

ಅಷ್ಟೇ. ನಾನು ಗೋಣಿ ಹರಿದೆ, ಇಳಿದೆ, ಎಂಟ್ರಿ ಕೊಟ್ಟೆ, ಮಾನ ಉಳಿಸಿದೆ. ಮೊದಲೇ ಹೇಳಿದೆನಲ್ಲ.

ಗಂಡಿನ ಕಡೆಯವರು ಹೊರಡುವಾಗ "ಫೋನ್ ಮಾಡ್ತೀವಿ" ಎಂದರು. ಅದರ ಅರ್ಥ ನಿಮಗೆ ಗೊತ್ತು. ಮಾರನೆಯ ದಿನದಿಂದ ಸುಕನ್ಯ ಬೆಳಗ್ಗೆ ಟಿಫನ್ ಡಬ್ಬಿ ತೆಗೆದುಕೊಂಡು ಬ್ಲೌಸ್ ಅಂಗಡಿಗೆ ಹೊರಟಳು. ಅವಳು ವಾಪಸ್ಸು ಬರುವ ತನಕ ಅಪ್ಪನ ಪಾಳಿ ನಿಂಗರಾಜ, ಪವಿತ್ರ ಇಬ್ಬರದು. ಆಫೀಸಿನಿಂದ ಮಧ್ಯಾಹ್ನ ಓಡಿ ಬಂದು, ಶರ್ಟು ಬಿಚ್ಚಿ, ಗೊಣಗಿಕೊಂಡು ಎತ್ತುತ್ತಿದ್ದ. ಮೊದಮೊದಲು ಬೋಗುಣಿ ತೊಳೆಯುವಾಗ ವಾಂತಿ ಮಾಡಿದ. ನನಗೆ ಪಾಪ ಎನ್ನಿಸಲಿಲ್ಲ. ಸುಕನ್ಯ ಸೊಂಟಕ್ಕೆ ಬೆಲ್ಟು ಕಟ್ಟಿಸಿಕೊಂಡಳು. ಒಂದು ಮಳೆಗಾಲದ ಬೆಳಗ್ಗೆ ಬೋರಲಿಂಗಯ್ಯನವರು ಒಣಬಟ್ಟೆಯಲ್ಲಿ, ತಮ್ಮದೇ ಮಂಚದ ಮೇಲೆ, ಗಂಜಿ ಕುಡಿದು ಕಣ್ಣು ಮುಚ್ಚಿದರು.

ಆಮೇಲೆ ಅವಳಿಗೆ ಮದುವೆ ಆಯಿತಾ ಎಂದು ಕೇಳುತ್ತೀರಿ, ಗೊತ್ತು. ಎಲ್ಲರೂ ಅದನ್ನೇ ಕೇಳುತ್ತಾರೆ. ಅವಳ ಸೊಂಟ ಹೇಗಿದೆ ಎಂದು ಒಬ್ಬರೂ ಕೇಳಿಲ್ಲ. ಅದಕ್ಕೇ ನಾನು ಹೇಳುವುದಿಲ್ಲ.

ಈಗ ನನಗೂ ವಯಸ್ಸಾಗಿದೆ. ಮೆಟ್ಟಿಲ ಕೆಳಗೆ ನಿಂತಿದ್ದೇನೆ. ರೆಕ್ಸಿನ್ ಹರಿದು ಸ್ಪಂಜು ಕಾಣುತ್ತಿದೆ, ಒಂದು ಬ್ರೇಕು ಹಿಡಿಯುವುದಿಲ್ಲ. ಬೀದಿಯಲ್ಲಿ ಯಾರಿಗಾದರೂ ಬೇಕಾದಾಗ ಸುಕನ್ಯ ಕೊಡುತ್ತಾಳೆ, ಕೆಲಸ ಮುಗಿದ ಮೇಲೆ ತೊಳೆದು ತಂದುಕೊಡುತ್ತಾರೆ. ಎಷ್ಟೋ ಮನೆ ನೋಡಿದೆ. ಎಲ್ಲ ಮನೆಯಲ್ಲೂ ಎತ್ತುವವರು ಒಬ್ಬರೇ, ನೋಡಿಕೊಂಡು ಹೋಗುವವರು ನೂರು ಜನ. ಎಲ್ಲ ಮನೆಯಲ್ಲೂ ನನ್ನ ಮೇಲೊಂದು ಬೆಡ್‌ಶೀಟು. ನನ್ನನ್ನು ಮುಚ್ಚಿದರೆ ಮುಪ್ಪು ಮುಚ್ಚಿಹೋಗುತ್ತದೆ ಎಂದು ಇವರಿಗೆ ಯಾರು ಹೇಳಿಕೊಟ್ಟರೋ!

ಇಷ್ಟೊಂದು ಬೈದ ಮೇಲೆ ನಾನೇ ಒಂದನ್ನು ಮುಚ್ಚಿಟ್ಟುಕೊಂಡು ಕೂತರೆ ನನಗೂ ನಿಂಗರಾಜನಿಗೂ ಏನು ವ್ಯತ್ಯಾಸ? ಆ ಭಾನುವಾರ ನಿಜವಾಗಿ ನಡೆದದ್ದು ಹೇಳಿಬಿಡುತ್ತೇನೆ.

ನಾನು ಇಳಿದು ಬರಲಿಲ್ಲ. ಕುರ್ಚಿ ಎಲ್ಲಿಯಾದರೂ ಇಳಿದು ಬರುತ್ತದೆಯೇ? ಸುಕನ್ಯ ಹಿಂಬಾಗಿಲಿನಿಂದ ಹೊರಬಿದ್ದು, ಅಂಗಳವೆಲ್ಲ ನನ್ನನ್ನು ಹುಡುಕಿ, ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದಳು. ಗೋಣಿ ಕಿತ್ತೆಸೆದಳು. ನನ್ನ ಚಕ್ರ ಮೆಟ್ಟಿಲ ಕಂಬಿಯಲ್ಲಿ ಸಿಕ್ಕಿಕೊಂಡಿತ್ತು. ಎಳೆದಳು, ಬರಲಿಲ್ಲ. ಒದ್ದಳು, ಬಂತು. ಬಿಂದಿಗೆ ಇಟ್ಟುಕೊಳ್ಳುವ ಹಾಗೆ ನನ್ನನ್ನು ಸೊಂಟಕ್ಕೆ ಇಟ್ಟುಕೊಂಡು ಇಳಿದಳು. ಒಂದೊಂದು ಮೆಟ್ಟಿಲಿಗೂ ಆ ಸೊಂಟ ಕಟಕ್ ಎಂದಿತು.

ನಾವು ಮುಂಬಾಗಿಲಿಗೆ ಬರುವ ಹೊತ್ತಿಗೆ ತಡವಾಗಿತ್ತು. ಬಿಳಿ ಪಂಚೆ ಒದ್ದೆಯಾಗಿ, ಸೋಫಾದಿಂದ ನೆಲಕ್ಕೆ ಹನಿ ಇಳಿಯುತ್ತಿತ್ತು. ಬೋರಲಿಂಗಯ್ಯನವರ ಕಿರುಬೆರಳು ಆಗಲೂ ಎತ್ತಿಕೊಂಡೇ ಇತ್ತು. ಹುಡುಗನ ಅಮ್ಮ ಕಾಲು ಮೇಲೆತ್ತಿಕೊಂಡಿದ್ದರು. ಮಿಕ್ಕವರೆಲ್ಲ ಟಿವಿಯನ್ನೇ ನೋಡುತ್ತಿದ್ದರು. ಟಿವಿ ಆಫ್ ಆಗಿತ್ತು.

"ಅಯ್ಯೋ, ನೀರಿನ ಲೋಟ ಚೆಲ್ಬುಡ್ತು..." ಎಂದ ನಿಂಗರಾಜ.

"ನೀರಲ್ಲ ಕಣಣ್ಣ. ಉಚ್ಚೆ" ಎಂದಳು ಸುಕನ್ಯ. ನನ್ನನ್ನು ಹಾಲ್‌ನ ನಡುವೆ ಇಳಿಸಿ ಗಂಡಿನ ಕಡೆಗೆ ತಿರುಗಿದಳು. "ನಮ್ಮಪ್ಪಂಗೆ ಲಕ್ವ ಹೊಡೆದದೆ. ವಾಕಿಂಗೂ ಇಲ್ಲ, ಗಂಟ್ಲೂ ಕಟ್ಟಿಲ್ಲ. ದಿನಾ ನಾನೇ ಎತ್ತಿ ಇದ್ರ ಮೇಲೆ ಕೂರಿಸ್ತೀನಿ. ನಿಮ್ಗೆ ಹೇಳವ್ರೆ ಅನ್ಕೊಂಡಿದ್ದೆ. ಹೇಳ್ದೇ ಇದ್ರೂ ಬೆರಳು ನೋಡುದ್ರಲ್ಲ? ಎಲ್ರೂ ನೋಡುದ್ರಿ."

ದೊಡ್ಡತಾಯಮ್ಮ "ರಾವುಕಾಲ ಇನ್ನೂ ಕಳ್ದಿಲ್ಲ ಕಣವ್ವ..." ಎಂದು ಗೊಣಗಿದರು.

"ಅಣ್ಣ, ಬಾ ಇಲ್ಲಿ. ಕಾಲು ಹಿಡ್ಕೊ."

"ಜನ ಅವ್ರೆ ಕಣೆ..."

"ಅವ್ರೆ ಅಂತ್ಲೇ ಕರೀತಿರೋದು. ಇಲ್ದೇ ಇದ್ರೆ ನೀನು ಬತ್ತಿದ್ಯಾ?"

ನಿಂಗರಾಜ ಒಂದೊಂದೇ ಮುಖ ನೋಡಿದ. ಈಗ ಹಿಂದೆ ಸರಿದರೆ ಅದೂ ಈ ಜನದ ಮುಂದೆಯೇ. ಬಂದ. ಮುಖ ಆ ಕಡೆ ತಿರುಗಿಸಿ, ಅಪ್ಪನ ಒದ್ದೆ ಕಾಲುಗಳನ್ನು ಹಿಡಿದುಕೊಂಡ. ಇಬ್ಬರೂ ಎತ್ತಿದರು. ಬಂಡೆಯಂತೆ ನಿಂತೆ ಎಂದೆನಲ್ಲ, ಅದೂ ಸುಳ್ಳು. ನನ್ನ ಬ್ರೇಕು ಒತ್ತಬೇಕು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅವನ ಮೊಣಕಾಲು ತಾಗಿದ್ದೇ ತಡ, ನಾನು ಸರ್ರನೆ ಹಿಂದಕ್ಕೆ ಜಾರಿದೆ. ಬೋರಲಿಂಗಯ್ಯನವರು ಗಾಳಿಯಲ್ಲಿ ತೂಗಾಡಿದರು. ಸುಕನ್ಯ ಒಂದು ಕಾಲನ್ನು ನನ್ನ ಕಾಲಿಗೆ ಕೊಂಡಿ ಹಾಕಿ ಎಳೆದುಕೊಂಡಳು. ಆಗ ನಿಂತೆ. ಆ ದಿನ ನಾನು ಮಾಡಿದ್ದು ಅಷ್ಟೇ. ತಡವಾಗಿ ಬಂದೆ, ಬಂದು ಜಾರಿದೆ.

ಅವಳು ನಮ್ಮಿಬ್ಬರನ್ನೂ ಒಳಕೋಣೆಗೆ ತಳ್ಳಿಕೊಂಡು ಬಂದು, ಒಣ ಪಂಚೆ ತೆಗೆಯುತ್ತಿದ್ದಳು. ನಿಂಗರಾಜ ಕೈಗಳನ್ನು ಮೈಗೆ ತಾಗಿಸದೆ ದೂರ ಹಿಡಿದುಕೊಂಡು ಬಾಗಿಲಿಗೆ ಬಂದ.

"ನೆಲ ಒರೆಸ್ಬೇಕಲ್ಲ. ಬಟ್ಟೆ ಎಲ್ಲದೆ?"

"ಇದ್ದ ಜಾಗದಲ್ಲೇ ಅದೆ. ನೀನು ಹುಟ್ಟಿದ ಮನೆ ತಾನೆ? ಹುಡ್ಕು."

ಬಾಗಿಲು ಹಾಕಿದಳು. ಆಚೆ ಅವನು ಒಂದೊಂದೇ ಕಪಾಟು ತೆಗೆದು ಮುಚ್ಚುವ ಸದ್ದು ಬಹಳ ಹೊತ್ತು ಕೇಳಿಸುತ್ತಲೇ ಇತ್ತು.